ಕರಡಿ ಬೆಳ್ಳುಳ್ಳಿಯ ಪಲ್ಯ

ಗಂಡಸರಿಗೆ ಏನಾದರೊಂದು ಹವ್ಯಾಸ ಇರಬೇಕು ಎನ್ನುವವರು, ಹವ್ಯಾಸವಿರುವ ಗಂಡಸಿನ ಜೊತೆ ಸಂಸಾರ ಮಾಡಿದವರಾಗಿರಲಿಕ್ಕಿಲ್ಲ. ಧಾರವಾಡದಲ್ಲಿದ್ದಾಗ ನಮ್ಮ ಮನೆಯವರಿಗೆ ಯಾವ ಹವ್ಯಾಸವೂ ಇರಲಿಲ್ಲ, ಸುಖವಾಗಿದ್ದೆವು. ಅಂಗಳದಲ್ಲಿರುವುದು ತುಳಸಿ, ಉಳಿದದ್ದೆಲ್ಲ ಕಸ ಎಂಬಲ್ಲಿಗೆ ಅವರ ಸಸ್ಯಶಾಸ್ತ್ರ ಮುಗಿಯುತ್ತಿತ್ತು. ಜರ್ಮನಿಯವರು ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಐದು ವರ್ಷದ ಗ್ರೀನ್ ಕಾರ್ಡ್ ಸಿಕ್ಕು, ಇಲ್ಲಿನ ಶ್ವೀಬರ್ಡಿಂಗೆನ್ ಎಂಬ ಊರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕೆಟ್ಟರು. ಇಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ, ಮನೆಯಲ್ಲಿ ಮೊಳೆ ಹೊಡೆದರೆ ಕೆಳಗಿನವರು ಬಾಗಿಲು ಬಡಿಯುತ್ತಾರೆ. ಹಾಗಾಗಿ ಊರಿಗೆ ಊರೇ ಕಾಡಿನಲ್ಲಿ ನಡೆಯಲು ಹೋಗುತ್ತದೆ. ಇವರೂ ಹೋದರು. ಬರುವಾಗ ತಲೆಯಲ್ಲಿ ಹುಳ ಬಿಟ್ಟುಕೊಂಡು ಬಂದರು. "ಶೈಲಾ, ಇಷ್ಟು ಗಿಡ ಅವ, ನಮಗ ಒಂದರ ಹೆಸರೂ ಗೊತ್ತಿಲ್ಲಲ್ಲ!"

ಗೊತ್ತಿಲ್ಲದಿದ್ದರೆ ಗಿಡಗಳಿಗೇನು ಬೇಸರವೇ? ಆದರೆ ಮರುದಿನವೇ ಒಂದು ದಪ್ಪ ಪುಸ್ತಕ ಮತ್ತು ಒಂದು ಭೂತಗನ್ನಡಿ ಬಂದವು. ಆ ಪುಸ್ತಕ ಗಿಡದ ಹೆಸರನ್ನು ನೇರವಾಗಿ ಹೇಳುವುದಿಲ್ಲ. ಕೋರ್ಟಿನಲ್ಲಿ ಪಾಟೀಸವಾಲು ಮಾಡುವಂತೆ ಪ್ರಶ್ನೆ ಕೇಳುತ್ತ ಹೋಗುತ್ತದೆ. ಎಲೆಗಳು ಎದುರುಬದುರಾಗಿವೆಯೋ, ಒಂದಾದ ಮೇಲೊಂದೋ? ಅಂಚು ನುಣುಪೋ, ಗರಗಸವೋ? ರೋಮ ಇದೆಯೋ, ಇಲ್ಲವೋ? ಇವರಿಗೆ ಬಹಳ ಹಿಡಿಸಿತು. "ನಮ್ಮ ಸಾಫ್ಟ್‌ವೇರ್ ಇದ್ದಂಗ ಅದ, ಎಸ್ ಇಲ್ಲಾ ನೋ, ಅಷ್ಟ" ಎಂದರು. ಮೊದಲ ಭಾನುವಾರ ದಾರಿಬದಿಯ ಒಂದು ಗಿಡಕ್ಕೆ ರೋಮ ಇದೆಯೋ ಎಂದು ಬೆರಳಿಂದ ಸವರಿ ನೋಡಿದರು. ಇತ್ತು. ತುರಿಕೆ ಸೊಪ್ಪಾಗಿತ್ತು. ಸಂಜೆಯವರೆಗೆ ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಕೂತಿದ್ದರು, ಆ ಸ್ಥಿತಿಯಲ್ಲೂ ಪುಸ್ತಕದ ಹಾಳೆ ತಿರುವಲು ನನಗೇ ಹೇಳಿದರು. ಮುಂದಿನ ವಾರಗಳಲ್ಲಿ ಅವರು ಮೊಣಕಾಲೂರಿ ಕಾಲುದಾರಿಯಲ್ಲಿ ಅಡ್ಡ ಬಿದ್ದಿರುವುದೂ, ನಾಯಿ ಹಿಡಿದುಕೊಂಡು ಬರುವ ಅಜ್ಜ ಅಜ್ಜಿಯರು "ಏನಾದರೂ ಕಳೆದಿದೆಯೇ?" ಎಂದು ನನ್ನನ್ನು ಕೇಳುವುದೂ ರೂಢಿಯಾಯಿತು. "ಹೌದು, ಮರ್ಯಾದೆ" ಎಂದು ಉತ್ತರಿಸುವಷ್ಟು ಜರ್ಮನ್ ನನಗಾಗ ಬರುತ್ತಿರಲಿಲ್ಲ.

ವಸಂತದಲ್ಲಿ ಒಂದು ಭಾನುವಾರ ಇವರ ಗ್ರೂಪ್ ಲೀಡರ್ ಹೆರ್ ಬೌಮಾನ್ ಮತ್ತು ಅವರ ಹೆಂಡತಿಯನ್ನು ನಾವು ಊಟಕ್ಕೆ ಕರೆದಿದ್ದೆವು. ಬೆಳಿಗ್ಗೆ ಇವರು ಕಾಡಿನಿಂದ ಒಂದು ಚೀಲ ತುಂಬ ಉದ್ದುದ್ದ ಹಸಿರೆಲೆ ತಂದು ಸಿಂಕಿನ ಪಕ್ಕ ಸುರುವಿದರು.

"ಬೇರ್‌ಲೌಖ್! ಕರಡಿ ಬಳ್ಳೊಳ್ಳಿ. ಪಲ್ಯ ಮಾಡು."

"ಅಲ್ರೀ, ಖರೇನ ಅದ ಏನು? ಸಾಹೇಬ್ರು ತಿನ್ನಾವ್ರು."

"ಮೂಸಿ ನೋಡು. ಪುಸ್ತಕದಾಗಿನ ಎಲ್ಲಾ ಪ್ರಶ್ನೆ ಕೇಳೇನಿ."

ಮೂಸಿದೆ. ಬೆಳ್ಳುಳ್ಳಿ ಘಮ್ಮೆಂದಿತು. ತಪ್ಪಲ ಪಲ್ಯ ತಿಂದು ಆರು ತಿಂಗಳಾಗಿದ್ದ ನನ್ನ ನಾಲಿಗೆ ಮುಂದಿನ ವಿಚಾರಣೆಯನ್ನು ರದ್ದು ಮಾಡಿತು. ಬೇಳೆ ಹಾಕಿ, ಊರಿನ ಖಾರ ಹಾಕಿ ಮಾಡಿದೆ. ಬೌಮಾನ್ ದಂಪತಿ ಒಂದು ಗೊಂಚಲು ಟುಲಿಪ್ ಹೂ ತಂದುಕೊಟ್ಟರು, ಮೂಗು ಒರೆಸಿಕೊಳ್ಳುತ್ತಲೇ ಎರಡೆರಡು ಸಲ ಹಾಕಿಸಿಕೊಂಡು ತಿಂದರು, ಹೊಗಳಿದರು, ಹೋದರು.

ನಾನು ಪಾತ್ರೆ ತೊಳೆಯುತ್ತಿದ್ದೆ. ಸಿಂಕಿನ ಪಕ್ಕ ಉಳಿದಿದ್ದ ನಾಲ್ಕು ಎಲೆ ನೋಡಲು ಬಂದ ಇವರು ಒಂದನ್ನೆತ್ತಿ ಭೂತಗನ್ನಡಿ ಹಿಡಿದರು. "ಶೈಲಾ, ಇದು ಬ್ಯಾರೆ ಅದ. ಕರಡಿ ಬಳ್ಳೊಳ್ಳಿ ಎಲಿಗೆ ತೊಟ್ಟು ಇರತದ, ಇದಕ್ಕ ಇಲ್ಲ." ಪುಸ್ತಕ ಬಂತು. ಎಸ್, ನೋ, ನೋ, ಎಸ್ ಎಂದು ಹೋಗಿ ಮೈಗ್ಲ್ಯೋಕ್‌ಶೆನ್ ಎಂಬ ಗಿಡಕ್ಕೆ ಬಂದು ನಿಂತರು. ಅದರ ಪಕ್ಕದಲ್ಲಿ ತಲೆಬುರುಡೆಯ ಚಿತ್ರವಿತ್ತು.

"ಮೂಸಿ ನೋಡ್ರಿ ಮತ್ತ!"

ಮೂಸಿದರು. ಬೆಳ್ಳುಳ್ಳಿ ನಾರಿತು. ಆದರೆ ಒಗ್ಗರಣೆ ಹಾಕಿದ ಮನೆಯಲ್ಲಿ ನನ್ನ ಕೈ, ಅವರ ಅಂಗಿ, ಕಿಟಕಿಯ ಪರದೆ ಎಲ್ಲವೂ ಬೆಳ್ಳುಳ್ಳಿ ನಾರುತ್ತಿದ್ದವು. ಇಂಟರ್ನೆಟ್ಟಿನಲ್ಲಿ ನೋಡುತ್ತೇನೆಂದು ಮೋಡೆಮ್ ಹಚ್ಚಿದರು. ಅದು ಕಿರ್ರೆಂದು ಕಿರುಚಿ ಇದ್ದೊಂದು ಫೋನ್ ಲೈನನ್ನೂ ನುಂಗಿತು. ನಾನು ವೈರ್ ಕಿತ್ತೆಸೆದ ಮೇಲೆ ವಿಷದ ಸಹಾಯವಾಣಿಗೆ ಫೋನ್ ಮಾಡಿದರು. ವೈದ್ಯರು ಸಮಾಧಾನವಾಗಿಯೇ ಹೇಳಿದರಂತೆ: ವಾಂತಿ, ತಲೆಸುತ್ತು, ನಾಡಿ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಬನ್ನಿ, ನಿಮ್ಮ ಜೊತೆ ತಿಂದವರನ್ನೆಲ್ಲ ಈಗಲೇ ವಿಚಾರಿಸಿ.

"ನೀನ ಮಾಡು," ಎಂದು ಇವರು ಫೋನನ್ನು ನನ್ನ ಕೈಗಿತ್ತು, ತಮ್ಮ ನಾಡಿ ಹಿಡಿದುಕೊಂಡು ಸೋಫಾದ ಮೇಲೆ ಮಲಗಿದರು. "ನಾನು ಹೇಳಿದ್ರ ನೌಕರಿ ಹೋಗತದ. ನೌಕರಿ ಹೋದ್ರ ವೀಸಾ ಹೋಗತದ."

ನಮ್ಮ ನೌಕರಿ, ವೀಸಾ, ನಾಲ್ಕು ಜೀವ ಎಲ್ಲ ನನ್ನ ಜರ್ಮನ್ ಮೇಲೆ ನಿಂತಿದ್ದವು. ಅದೋ ಬ್ರೆಡ್ಡಿನಂಗಡಿಯಿಂದ ಬಸ್ ಸ್ಟಾಪಿನವರೆಗೆ ಮಾತ್ರ ನಡೆಯಬಲ್ಲ ಜರ್ಮನ್. ಫ್ರಾವ್ ಬೌಮಾನ್ ಫೋನೆತ್ತಿದರು. ಮೊದಲು ಬಾಯಿಗೆ ಬಂದದ್ದು ಒಂದೇ ವಾಕ್ಯ: "ವೀ ಗೇಟ್ ಎಸ್ ಈನೆನ್?" ಹೇಗಿದ್ದೀರಿ?

"ಚೆನ್ನಾಗಿದ್ದೇನೆ!"

"ನಿಜವಾಗಿ ಚೆನ್ನಾಗಿದ್ದೀರಾ? ನಿಮ್ಮ ಗಂಡ? ಹೊಟ್ಟೆ ಚೆನ್ನಾಗಿದೆಯಾ?" ಎಂದು ಗೊತ್ತಿದ್ದ ಪದಗಳನ್ನೇ ಜೋಡಿಸಿ ಕೇಳಿದೆ.

ಆಕೆ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಫೋನ್ ಮಾಡಿ ಅದನ್ನೇ ಕೇಳಿದೆ. ಈ ಸಲ ಗಂಡ ಚದುರಂಗ ಆಡುತ್ತಿದ್ದಾರೆಂದು ತಿಳಿಯಿತು. ಸಾಯುವವರು ಚದುರಂಗ ಆಡುತ್ತಾರೋ ಇಲ್ಲವೋ ಎಂಬುದು ಪುಸ್ತಕದಲ್ಲಿರಲಿಲ್ಲ. ಫೋನಿಟ್ಟು ತಲೆಯೆತ್ತಿದರೆ ಎದುರಿಗೇ ಹೂದಾನಿ. ಅದರಲ್ಲಿ ಟುಲಿಪ್. ಅದಕ್ಕೆ ಉದ್ದನೆಯ, ತೊಟ್ಟಿಲ್ಲದ ಎಲೆ. ಹೂದಾನಿಗೆ ಇಡುವಾಗ ಕೆಳಗಿನ ಎಲೆಗಳನ್ನು ಕಿತ್ತು ಸಿಂಕಿನ ಪಕ್ಕ ಹಾಕಿದವಳು ನಾನೇ. ಅಡುಗೆಯೆಲ್ಲ ಮುಗಿದ ಮೇಲೆ. ಇವರಿಗೆ ಹೇಳಿದೆ.

"ನೋಡಿದ್ಯಾ! ನನ್ನ ಎಲಿ ಕರೆಕ್ಟ್ ಇದ್ವು!" ಎಂದು ಇವರು ನಾಡಿ ಬಿಟ್ಟು ಎದ್ದು ಕೂತರು. ಅವರತ್ತ ಎಸೆಯಲು ಹೂದಾನಿ ಬಿಟ್ಟು ಬೇರೇನೂ ಹತ್ತಿರವಿರಲಿಲ್ಲ. ಅದರ ಬದಲು ಫೋನೆತ್ತಿ, ಬರೀ ಸಂತೋಷಕ್ಕೆ, ಮೂರನೆಯ ಸಲ ಹೇಗಿದ್ದೀರಿ ಎಂದು ಕೇಳಿದೆ. ಫ್ರಾವ್ ಬೌಮಾನ್ ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದರು: "ಊಟಕ್ಕೆ ಕರೆದವರು ಆಮೇಲೆ ಇಷ್ಟು ಸಲ ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಭಾರತೀಯರ ಹೃದಯವೇ ಬೇರೆ."

ಸೋಮವಾರ ಹೆರ್ ಬೌಮಾನ್ ಕ್ಯಾಂಟೀನಿನಲ್ಲಿ ಇದನ್ನು ಎಲ್ಲರಿಗೂ ಸಾರಿದರಂತೆ. ಅಂದಿನಿಂದ ನನಗೆ ಬಿಡುಗಡೆಯಿಲ್ಲ. ಬರೀ ಅನ್ನ ಸಾರು ಬಡಿಸಿದ್ದರೂ ಸರಿ, ಅತಿಥಿಗಳು ಮನೆ ಮುಟ್ಟಿದ ಮೇಲೆ ಫೋನ್ ಮಾಡಿ ಹೊಟ್ಟೆ ಹೇಗಿದೆ ಎಂದು ಕೇಳಬೇಕು. ದೇಶದ ಮಾನದ ಪ್ರಶ್ನೆ. ಹೋದ ವಾರ ಇವರ ಆಫೀಸಿನ ಒಬ್ಬಾಕೆ ಬಂದು ಹೋದಾಗ ಮರೆತುಬಿಟ್ಟೆ. ಸಂಜೆ ಆಕೆಯೇ ಫೋನ್ ಮಾಡಿ ಅಳುದನಿಯಲ್ಲಿ ಕೇಳಿದಳು: "ಶೈಲಾ, ನನ್ನಿಂದ ಏನಾದರೂ ತಪ್ಪಾಯಿತಾ?"