ಹುಳ ಜ್ವರಕ್ಕೆ ಕೂತ ದಿನದ ಸಿನಿಮಾ

ಸಿನಿಮಾದಲ್ಲಿ ಹರಿಯುವ ರಕ್ತವನ್ನು ಪ್ರತಿ ಆಟ ಮುಗಿದ ಮೇಲೆ ಟಾಕೀಸಿನವರೇ ತೊಳೆಯಬೇಕು ಎಂದು ನಾನು ನಾಲ್ಕನೇ ಕ್ಲಾಸಿನವರೆಗೂ ನಂಬಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಸೋದರಮಾವ ಮೊದಲ ಸಲ ಕನಕಪುರದ ಟಾಕೀಸಿಗೆ ಕರೆದುಕೊಂಡು ಹೋದಾಗ ಪರದೆಯ ಮೇಲೆ ಏಳೆಂಟು ಜನರ ಕತ್ತು ಹಾರಿತ್ತು. ಶುಭಂ ಎಂದು ಬಿದ್ದು ದೀಪ ಹತ್ತಿದ್ದೇ ತಡ, ಒಬ್ಬ ಹೆಂಗಸು ಬಕೆಟ್ಟು ಪೊರಕೆ ಹಿಡಿದು ಬಂದು, ಗಾಂಧಿ ಕ್ಲಾಸಿನ ಬೆಂಚುಗಳ ಕೆಳಗಿನಿಂದ ಕೆಂಪು ನೀರನ್ನು ಸರ್ರನೆ ಹೊರಕ್ಕೆ ತಳ್ಳಿದಳು. ಅದು ಪ್ರೇಕ್ಷಕ ಮಹಾಶಯರು ಉಗಿದ ಎಲೆ ಅಡಿಕೆ ಎಂದು ತಿಳಿಯುವಷ್ಟು ಲೋಕಜ್ಞಾನ ನನಗಿರಲಿಲ್ಲ. ಮುಂದಿನ ಸಲ ಮಾವ ಮುಂದಿನ ಬೆಂಚಿಗೆ ಟಿಕೆಟ್ ತೆಗೆದಾಗ, "ಅಂಗಿ ಮೇಲೆ ಸಿಡೀತದೆ, ಅವ್ವ ಬೈತದೆ" ಎಂದು ಗೇಟಿನಲ್ಲೇ ಗೋಳೋ ಅಂದಿದ್ದೆ. (ಈಗಲೂ ಮದುವೆ ಮನೆಯ ಪಂಕ್ತಿಯಲ್ಲಿ ಮಾವ ಸಿಕ್ಕಿದರೆ, ಅಡುಗೆಯವರು ಸಾರು ಬಡಿಸುವ ಮೊದಲೇ ಅವರು ಈ ಕತೆ ಬಡಿಸಿರುತ್ತಾರೆ.)

ಅಂಥವನು ದೊಡ್ಡವನಾಗಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯ ಮೆಷಿನ್ ಆಪರೇಟರ್ ಆಗಿ, ಅದೇ ರಕ್ತಸಿಕ್ತ ಸಿನಿಮಾಗಳ ಪರಮಭಕ್ತನಾದದ್ದು ವಿಧಿಲೀಲೆ. ಪ್ರಶಸ್ತಿ ಬರುವ ಸಿನಿಮಾಗಳ ಸುದ್ದಿ ನನಗೆ ಬೇಡ. ಅಪ್ಪನನ್ನು ಕೊಂದವರ ಮೇಲೆ ಚರ್ಮದ ಪ್ಯಾಂಟು ಹಾಕಿಕೊಂಡು ಸೇಡು ತೀರಿಸುವ ಹೆಣ್ಣು, ರಬ್ಬರಿನ ಮೊಸಳೆ, ಗಡ್ಡ ಒಂದು ಕಡೆ ಕಿತ್ತು ಬಂದಿರುವ ಮಂತ್ರವಾದಿ, ಇವು ಇರಬೇಕು. ಎಂಟು ಗಂಟೆ ಕಾಲ ಮುಚ್ಚಳವನ್ನೇ ನೋಡಿದ ಕಣ್ಣಿಗೆ ಅಷ್ಟಾದರೂ ಬೇಡವೇ?

ಇಂಥ ಸಿನಿಮಾವನ್ನು ಟಾಕೀಸಿನಲ್ಲೇ ನೋಡಬೇಕು. ಯಾಕೆಂದರೆ ಅಲ್ಲಿ ಸಿನಿಮಾ ಇರುವುದು ಪರದೆಯ ಮೇಲಲ್ಲ, ಬೆಂಚಿನ ಮೇಲೆ. ನನ್ನ ಸ್ಕೂಲು ಗೆಳೆಯ ರಸೂಲ್, ಕನಕಪುರದಲ್ಲಿ ರೇಷ್ಮೆ ನೂಲು ತೆಗೆಯುವವನು, ಮೂರನೇ ಸಾಲಿನಲ್ಲಿ ಕೂತು ಒಂದು ಮಾತು ಬಿಟ್ಟರೆ ಇಡೀ ಟಾಕೀಸು ನಗುತ್ತಿತ್ತು. ಮೊಸಳೆಯ ಹೊಟ್ಟೆ ಸೊಟ್ಟಗಾದಾಗ, "ಲೇ, ಮೊಸ್ಳೇಗೆ ಗಾಳಿ ಕಮ್ಮಿ ಆಗೈತೆ, ಪಂಚರ್ ಅಂಗ್ಡೀಗ್ ಎತ್ಕೊಂಡ್ ಹೋಗ್ರಲಾ!" ಎಂದು ಅವನು ಕೂಗಿದ್ದಕ್ಕೆ ಗೇಟ್ ಕಾಯುವವನೂ ಒಳಗೆ ಬಂದು ನಕ್ಕು ಹೋದ. ನಾನೂ ಹಾಸ್ಯಗಾರನೇ. ರಸೂಲ್ ಹೇಳಿದ್ದನ್ನು ಎರಡು ಸೆಕೆಂಡ್ ಬಿಟ್ಟು ಇನ್ನೂ ಜೋರಾಗಿ ಹೇಳುತ್ತಿದ್ದೆ. ಜನ ಆಗಲೂ ನಗುತ್ತಿದ್ದರು. ಅದು ಮೊದಲ ನಗುವಿನ ಬಾಲ ಎಂದು ನನಗೆ ಹೊಳೆದಿರಲಿಲ್ಲ.

ಮದುವೆಯಾಗಿ ಐದು ತಿಂಗಳಾಗಿತ್ತು. ಹೆಂಡತಿ ನವ್ಯಶ್ರೀ ಬೈರಾಪಟ್ಟಣದವಳು. ಮಾತಿನ ಮಲ್ಲಿ. ಅವಳಿಗೆ ನಾನು ಭಾನುವಾರಗಳಂದು ಓ.ಟಿ. ಇದೆ ಎಂದು ಹೇಳಿ, ಯೂನಿಫಾರ್ಮ್ ತೊಟ್ಟು, ಊಟದ ಡಬ್ಬಿ ಹಿಡಿದು, ನೇರವಾಗಿ ಮ್ಯಾಟಿನಿಗೆ ಹೋಗುತ್ತಿದ್ದೆ. (ಡಬ್ಬಿಯ ಚಿತ್ರಾನ್ನವನ್ನು ಇಂಟರ್‌ವೆಲ್‌ನಲ್ಲಿ ರಸೂಲನೇ ಖಾಲಿ ಮಾಡುತ್ತಿದ್ದ. "ನಿನ್ ಹೆಂಡ್ರು ಕೈ ಚೆನ್ನಾಗೈತೆ, ಸುಳ್ಳು ಹೇಳ್ಬ್ಯಾಡ ಕಣ್ಲಾ ಅವ್ಳಿಗೆ" ಎಂದು ಉಪದೇಶವನ್ನೂ ಮಾಡುತ್ತಿದ್ದ.)

ಒಂದು ಸೋಮವಾರ ಶಿಫ್ಟ್ ಮುಗಿಸಿ ಬಂದು ನೋಡುತ್ತೇನೆ, ಅಂಗಳದ ತಂತಿಯ ಮೇಲೆ ಭಾನುವಾರ ತೊಟ್ಟಿದ್ದ ಯೂನಿಫಾರ್ಮ್ ಒಣಗುತ್ತಿದೆ. ಅದರ ಪಕ್ಕದಲ್ಲಿ, ಎರಡು ಕ್ಲಿಪ್ ಹಾಕಿ, ಹರಿದ ಅರ್ಧ ಸಿನಿಮಾ ಟಿಕೆಟ್ ನೇತಾಡುತ್ತಿದೆ. ಬೀದಿಯಲ್ಲಿ ಹೋಗುವ ಬರುವವರಿಗೆಲ್ಲ ಕಾಣುವ ಹಾಗೆ, ಧ್ವಜಾರೋಹಣ ಮಾಡಿದಂತೆ.

ನವ್ಯಶ್ರೀ ಬೈಯಲಿಲ್ಲ, ಅಳಲಿಲ್ಲ. ಮಾತು ನಿಲ್ಲಿಸಿದಳು. ಎರಡು ಮೊಳ ದೂರದಲ್ಲಿ ಮುದ್ದೆ ಕಟ್ಟುತ್ತಾ ಕೂತು, "ಅತ್ತೆ, ನಿಮ್ ಮಗುನ್ಗೆ ಮುದ್ದೆ ಆರೋಗ್ತೈತೆ ಅಂತ ಹೇಳಿ" ಎನ್ನುತ್ತಿದ್ದಳು. ಅವ್ವ ಶಿವಲಿಂಗಮ್ಮ, "ಮುದ್ದೆ ಆರೋಗ್ತೈತಂತೆ ಕಣ್ಲಾ" ಎಂದು ಅದನ್ನು ನನಗೆ ದಾಟಿಸುತ್ತಿತ್ತು. ನಾನು "ಬತ್ತೀನಿ ಅಂತ ಹೇಳವ್ವ" ಎನ್ನಬೇಕು. ಹೀಗೆ ಹತ್ತು ದಿನ. ಕೊನೆಗೆ ಅವ್ವನೇ, "ನಿಮ್ಮಿಬ್ರ ಮಧ್ಯೆ ಟೆಲಿಪೋನ್ ಕಂಬ ಆಗೋಯ್ತು ನನ್ ಬಾಳು. ಏನಾರ ಮಾಡ್ಲಾ" ಎಂದು ಕೈಚೆಲ್ಲಿತು.

ನನಗೆ ಬೇಕಿದ್ದದ್ದು ಒಂದೇ: ನವ್ಯಶ್ರೀ ನನ್ನ ಮುಖ ನೋಡಿ ನೇರವಾಗಿ ಒಂದು ಮಾತಾಡಬೇಕು. ಬೈಗುಳವಾದರೂ ಸರಿ. ಆಗ ಹೊಳೆಯಿತು ಆ ಮಹದುಪಾಯ. ದಸರಾ ಬೋನಸ್ಸು ಬಂದ ದಿನವೇ ಡಿ.ವಿ.ಡಿ. ಪ್ಲೇಯರ್ ತಂದೆ. ಜೊತೆಗೆ ಬಾಡಿಗೆಗೆ ಎರಡು ಸಿ.ಡಿ. ಒಂದು, ತವರುಮನೆಯ ಕಣ್ಣೀರಿನದು, ಅವಳಿಗೆ. ಇನ್ನೊಂದು, 'ಒಂಬತ್ತು ಹೆಣ, ಒಬ್ಬಳೇ ಹೆಣ್ಣು', ನನಗೆ. ಟಾಕೀಸಿನಲ್ಲಿ ಮೂರು ಸಲ ನೋಡಿದ್ದು.

"ಇನ್ನು ಟಾಕೀಸಿಗೆ ಕಾಲಿಡಲ್ಲ. ಬಾ, ಇಬ್ರೂ ಮನೇಲೇ ಕೂತು ನೋಡೋಣ" ಎಂದೆ ಗಾಂಭೀರ್ಯದಿಂದ.

ಅವಳು ಅವ್ವನ ಕಡೆ ತಿರುಗಿದಳು. "ಅತ್ತೆ, ಹುಳುಕ್ಕೆ ಸೊಪ್ಪು ಹಾಕೋರ್ ಯಾರು ಅಂತ ಕೇಳಿ."

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಪಡಸಾಲೆಯ ಗೋಡೆಗೆ ಅಂಟಿಕೊಂಡೇ ಹುಳದ ಮನೆ. ಹುಳ ಎದ್ದಿರುವಷ್ಟು ದಿನ ಹೆಂಗಸರಿಗೆ ಪುರುಸೊತ್ತೆಂಬುದಿಲ್ಲ. ಹುಳದ ತಟ್ಟೆಗಳಿಗೆಲ್ಲ ಹಿಪ್ಪುನೇರಳೆ ಸೊಪ್ಪು ಹಾಕಿ ಮುಗಿಸುವಷ್ಟರಲ್ಲಿ ಮೊದಲನೇ ತಟ್ಟೆ ಖಾಲಿಯಾಗಿರುತ್ತದೆ. ಆದ್ದರಿಂದ ಮಾರನೇ ದಿನ ಶಿಫ್ಟ್ ಮುಗಿಸಿ ಬಂದವನು, ಮಧ್ಯಾಹ್ನ ಮೂರು ಗಂಟೆಗೆ, ಹೆಂಗಸರಾರೂ ಇತ್ತ ಸುಳಿಯುವುದಿಲ್ಲ ಎಂಬ ಧೈರ್ಯದ ಮೇಲೆ 'ಒಂಬತ್ತು ಹೆಣ' ಹಾಕಿಕೊಂಡು ಒಬ್ಬನೇ ಕೂತೆ.

ಮೊದಲನೇ ಹೆಣ ಬಿತ್ತು. ನಗು ಬರಲಿಲ್ಲ. ಎರಡನೇ ಹೆಣ ಬಿತ್ತು. ಆಕಳಿಕೆ ಬಂತು. ಹುರುಪು ತಂದುಕೊಳ್ಳೋಣವೆಂದು ಎರಡು ಬೆರಳಿಟ್ಟು ಶಿಳ್ಳೆ ಹೊಡೆದೆ.

"ಲೋ ಬಾಲ, ಕುಕ್ಕರ್ ಕೂಗ್ತು, ಸ್ಟವ್ ಆರ್ಸಲಾ!" ಎಂದು ಆ ಕಡೆಯಿಂದ ಅವ್ವನ ಕೂಗು.

ಅದರ ಹಿಂದೆಯೇ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂತು. ಅವ್ವನ ಹಿಂದೆ ನವ್ಯಶ್ರೀ. ಅವಳ ಹಿಂದೆ, ಸೊಪ್ಪು ಹಾಕಲು ಕೈಜೋಡಿಸುವ ಪಕ್ಕದ ಮನೆಯ ಸರಸಮ್ಮ. ಅವರ ಹಿಂದೆ ಬೀದಿಯ ಇನ್ನೂ ನಾಲ್ಕು ಹೆಂಗಸರು. ಎಲ್ಲರೂ ಬಂದು ಚಾಪೆ ಹಾಸಿಕೊಂಡು, ಕಾಲು ಚಾಚಿ ಕೂತರು.

"ಹುಳ?" ಎಂದೆ ಗಾಬರಿಯಿಂದ.

"ನೆನ್ನೆ ರಾತ್ರೀಲೇ ಜ್ವರುಕ್ಕೆ ಕುಂತವೆ" ಎಂದಿತು ಅವ್ವ.

ಹುಳ ಪೊರೆ ಬಿಡುವ ಮೊದಲು ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವ ಹಾಗಿಲ್ಲ. ಹುಳ ಮೇಯುವಷ್ಟು ದಿನ ಊರಿನ ಹೆಂಗಸರಿಗೆ ಸಿಗುವ ರಜೆ ಅದೊಂದೇ. ಹುಳದ ಮನೆಯಲ್ಲೇ ಹುಟ್ಟಿ ಬೆಳೆದವನು ನಾನು. ಆದರೂ ಮೂರು ವರ್ಷ ಎ, ಬಿ, ಸಿ ಶಿಫ್ಟುಗಳನ್ನು ಎಣಿಸಿ ಎಣಿಸಿ, ಹುಳಕ್ಕೂ ವೀಕ್ಲಿ ಆಫ್ ಇರುತ್ತದೆಂಬುದನ್ನು ಮರೆತುಬಿಟ್ಟಿದ್ದೆ.

ತಕ್ಷಣ ರಿಮೋಟ್ ಒತ್ತಿದೆ. ಮಾತು ಕೇಳಲಿಲ್ಲ. ಎದ್ದು ಪ್ಲೇಯರಿನ ಗುಂಡಿ ಒತ್ತಿದೆ. ಅದರ ತಟ್ಟೆ ಅರ್ಧ ಹೊರಗೆ ಬಂದು, ನನ್ನನ್ನು ನೋಡಿ, ಒಳಗೆ ಹೋಯಿತು. ಅಷ್ಟರಲ್ಲಿ ಪರದೆಯ ಮೇಲೆ ಖಳನಾಯಕನ ಅಡ್ಡೆ, ಬಣ್ಣಬಣ್ಣದ ದೀಪ, ಕರ್ಚೀಫುಗಳನ್ನು ಜೋಡಿಸಿ ಹೊಲಿದಂಥ ಉಡುಪಿನಲ್ಲಿ ಒಬ್ಬಳು ನರ್ತಕಿ. ಹೆತ್ತ ತಾಯಿ, ಕಟ್ಟಿಕೊಂಡ ಹೆಂಡತಿ, ನೆರೆಹೊರೆಯ ಮುತ್ತೈದೆಯರು! ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಟಿ.ವಿ.ಗೆ ಬೆನ್ನು ಕೊಟ್ಟು, ಕೋಟೆಯ ಬಾಗಿಲಿನಂತೆ ನಿಂತೆ.

ಆಗ ನಡೆಯಿತು ಪವಾಡ. ಹನ್ನೊಂದು ದಿನಗಳ ನಂತರ ನವ್ಯಶ್ರೀ ನನ್ನ ಮುಖವನ್ನೇ ನೋಡಿ ನೇರವಾಗಿ ಮಾತಾಡಿದಳು.

"ರೀ, ಒಸಿ ಪಕ್ಕುಕ್ ಬನ್ನಿ. ಕಾಣ್ಸಾಕಿಲ್ಲ."

ನಾನು ಟವೆಲ್ ಮಡಚಿಕೊಂಡು ಪಕ್ಕಕ್ಕೆ ಬಂದೆ. ಅವ್ವ ನರ್ತಕಿಯನ್ನು ಒಂದು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ, "ಪಾಪ, ಆ ಮಗೀಗೆ ಚಳಿ ಆಗಾಕಿಲ್ವಾ?" ಎಂದಿತು.

"ಚಳಿಗೇ ಕುಣೀತಾವ್ಳೆ ಕಣಕ್ಕ, ಬುಡು" ಎಂದರು ಸರಸಮ್ಮ.

ಅಲ್ಲಿಂದ ಶುರುವಾಯಿತು ನೋಡಿ. ನಾಯಕಿ ಮಚ್ಚು ಬೀಸಿದಳು. ಅವ್ವ ಅಂದಿತು, "ಆ ಹಿಡ್ತದಲ್ಲಿ ಒಂದ್ ಕಂತೆ ಸೊಪ್ಪು ಕುಯ್ಯಾಕಾಗಾಕಿಲ್ಲ, ಒಂಬತ್ ಜನುನ್ನ ಕುಯ್ತಾಳಂತೆ!" ನಾಯಕಿ ನದಿಯಲ್ಲಿ ಮುಳುಗಿ ಎದ್ದಳು. ಸರಸಮ್ಮ ಅಂದರು, "ನೀರಲ್ ಮುಳುಗ್ ಬಂದವ್ಳೆ, ಒಂದ್ ಕೂದ್ಲು ನೆಂದಿಲ್ಲ. ಯಾವೆಣ್ಣೆ ಹಾಕ್ತಾಳೋ ಒಸಿ ಕೇಳ್ರಮ್ಮಿ!" ನಾಲ್ಕನೇ ಖಳ, ಹೆಂಡತಿಗೆ ಏನೋ ಕೆಲಸ ಎಂದು ಹೇಳಿ ಅಡ್ಡೆಗೆ ಬಂದ. ನವ್ಯಶ್ರೀ ತಣ್ಣಗೆ ಅಂದಳು, "ಇವ್ನೂ ಮನೇಲಿ ಓ.ಟಿ. ಅಂತ ಹೇಳ್ ಬಂದವ್ನೆ ಅತ್ತೆ. ಮೊದ್ಲು ಇವನ್ನೇ ಕುಯ್ಲಿ."

ಏಳು ಜನ ಹೆಂಗಸರು ಒಟ್ಟಿಗೆ ನಕ್ಕ ಸದ್ದಿಗೆ ಮಾಡಿನ ಹೆಂಚು ಅಲುಗಾಡಿದವು. ನಾನೂ ನಕ್ಕೆ. ಬೈಗುಳವೇ ಆದರೂ ನನ್ನ ಬಗ್ಗೆ ತಾನೆ! ಸಂತೋಷ ತಡೆಯಲಾರದೆ ಅವಳ ಪಕ್ಕದಲ್ಲೇ ಜಾಗ ಮಾಡಿಕೊಂಡು ಕೂತು, ಟಾಕೀಸಿನ ನನ್ನ ಖ್ಯಾತಿಯನ್ನು ಮನೆಯವರಿಗೂ ತೋರಿಸೋಣ ಎಂದುಕೊಂಡೆ.

"ಈಗ ಮೊಸಳೆ ಬರುತ್ತೆ ನೋಡಿ. ಐದನೆಯವನ್ನ ನುಂಗುತ್ತೆ."

ಮೊಸಳೆ ಬಂತು. ಐದನೆಯವನನ್ನು ನುಂಗಿತು. ಯಾರೂ ಬೆಚ್ಚಲಿಲ್ಲ.

ನಾನು ಗಂಟಲು ಸರಿಮಾಡಿಕೊಂಡು ರಸೂಲನ ಬ್ರಹ್ಮಾಸ್ತ್ರ ಬಿಟ್ಟೆ. "ಮೊಸ್ಳೇಗೆ ಗಾಳಿ ಕಮ್ಮಿ ಆಗೈತೆ, ಪಂಚರ್ ಅಂಗ್ಡೀಗ್ ಎತ್ಕೊಂಡ್ ಹೋಗ್ರಲಾ!"

ಸರಸಮ್ಮ ಮೊಸಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮೊಸ್ಳೇಗ್ ಯಾರಪ್ಪಾ ಗಾಳಿ ಹೊಡೀತಾರೆ?" ಎಂದರು ಸರಸಮ್ಮ, ನಿಜವಾದ ಕಾಳಜಿಯಿಂದ.

ನಾನು ವಿವರಿಸಿದೆ. ಅದು ರಬ್ಬರಿನದೆಂದೂ, ಹೊಟ್ಟೆಯ ಕೆಳಗೆ ಗಾಲಿ ಕಾಣುತ್ತದೆಂದೂ, ಆದ್ದರಿಂದ ನಗು ಬರಬೇಕೆಂದೂ ತಿಳಿಸಿದೆ. ಹಾಗೆಯೇ ಆರನೆಯವನು ಬಾವಿಯಲ್ಲಿ, ಏಳನೆಯವನು ಹುಲ್ಲಿನ ಮೆದೆಯಲ್ಲಿ ಸಾಯುತ್ತಾನೆಂದೂ, ನಾಯಕಿಯ ಅಪ್ಪ ಸತ್ತೇ ಇಲ್ಲವೆಂದೂ, ಒಂಬತ್ತನೆಯವನೇ ಅಪ್ಪನೆಂದೂ ಹೇಳಿದೆ. ಹೇಳಿ ಮುಗಿಸಿ ನೋಡಿದರೆ ಏಳು ಜೊತೆ ಕಣ್ಣು ಟಿ.ವಿ. ಬಿಟ್ಟು ನನ್ನನ್ನು ನೋಡುತ್ತಿದ್ದವು.

"ಬಾಲ" ಎಂದಿತು ಅವ್ವ ಮೆಲ್ಲಗೆ, "ಹುಳ ಎದ್ದಿದ್ದಾವೇನೋ ಹೋಗ್ ನೋಡ್ಲಾ."

ಹೋದೆ. ಎದ್ದಿದ್ದವು. ಜ್ವರ ಬಿಟ್ಟೆದ್ದ ಹುಳದ ಹಸಿವು ಏನೆಂಬುದು ಸಾಕಿದವರಿಗೇ ಗೊತ್ತು. "ಎದ್ದವೆ ಕಣವ್ವೋ!" ಎಂದು ಕೂಗಿದೆ. "ಅಂಗಾರೆ ಸೊಪ್ಪು ಹಾಕು, ನಾವು ಏಳ್ನೇದು ಬಿದ್ಮೇಲೆ ಬತ್ತೀವಿ" ಎಂದು ಉತ್ತರ ಬಂತು. ಏಳು ಬಿತ್ತು, ಎಂಟು ಬಿತ್ತು, ಯಾರೂ ಬರಲಿಲ್ಲ. ಇಪ್ಪತ್ತಾರು ತಟ್ಟೆಗಳಿಗೆ ಒಬ್ಬನೇ ಸೊಪ್ಪು ಹಾಕಿದೆ. ಈ ಕಡೆ ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು, ಗೋಡೆಯ ಆ ಕಡೆ ನವ್ಯಶ್ರೀಯ ನಗು. ಅಷ್ಟು ಜೋರಾಗಿ ನಗಬಲ್ಲಳೆಂದು ಅಂದೇ ಗೊತ್ತಾದದ್ದು. ಶಿಳ್ಳೆಯೂ ಕೇಳಿಸಿತು. ಈ ಸಲ ಕುಕ್ಕರ್ ಎಂದು ಯಾರೂ ಅನ್ನಲಿಲ್ಲ.

ನಾನು ಮೈಯೆಲ್ಲ ಸೊಪ್ಪಿನ ಚೂರು ಅಂಟಿಸಿಕೊಂಡು ಹೊರಬಂದಾಗ ಸಿನಿಮಾ ಮುಗಿದು ಸಭೆ ನಡೆಯುತ್ತಿತ್ತು.

"ಎಲ್ಲಾ ಸರಿ, ಮೊಸ್ಳೆ ಬೆಕ್ಕಿನ್ ಮರಿಯಷ್ಟು ಐತೆ ಈ ಡಬ್ಬದಲ್ಲಿ" ಎಂದು ಸರಸಮ್ಮ ದೂರು ಹೇಳುತ್ತಿದ್ದರು. "ಟಾಕೀಸಲ್ ನೋಡ್ಬೇಕು ಕಣ್ರಮ್ಮಿ ಇಂಥವ್ನ."

"ಹುಳ ಗೂಡ್ ಕಟ್ಟಾಕೆ ಚಂದ್ರಿಕೆ ಹತ್ತಿದ್ ದಿನ ಪುರುಸೊತ್ತು ಇರ್ತೈತಲ್ಲ, ಆವತ್ತು ಹೋಗುವ" ಎಂದು ತೀರ್ಪು ಕೊಟ್ಟಿತು ಅವ್ವ.

ಅಂದಿನಿಂದ ಮನೆಯಲ್ಲಿ ಮಾತು ಮರಳಿ ಬಂತು. ಮುದ್ದೆ ಆರುವ ಸುದ್ದಿ ಅವ್ವನ ಮೂಲಕ ಹೋಗದೆ ನೇರವಾಗಿ ನನಗೇ ತಲುಪತೊಡಗಿತು. ನಾನು ಒಳಗೊಳಗೇ ಲೆಕ್ಕ ಹಾಕಿದೆ: ಹೆಂಡತಿ ಒಲಿದಳು, ಇನ್ನು ಓ.ಟಿ.ಯ ಸುಳ್ಳೂ ಬೇಡ, ಭಾನುವಾರ ಭಾನುವಾರ ದಂಪತಿ ಸಮೇತ ಟಾಕೀಸು!

ಎಂಟು ದಿನಕ್ಕೆ ಹುಳ ಹಣ್ಣಾದವು. ಗೂಡು ಕಟ್ಟಲೆಂದು ಅವನ್ನು ಬಿದಿರಿನ ಚಂದ್ರಿಕೆಗೆ ಹತ್ತಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆವು. ಅಂದು ಭಾನುವಾರ. ನಾನು ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿ, ಹೊರಗೆ ಬಂದರೆ ಬಾಗಿಲಲ್ಲಿ ಆಟೋ ನಿಂತಿದೆ. ಆರು ಜನ ಹೆಂಗಸರು ಅದರೊಳಗೆ ಹೇಗೋ ತುರುಕಿಕೊಂಡಿದ್ದಾರೆ. ಆಟೋದವನಿಗೇ ಅರ್ಧ ಸೀಟು. ನವ್ಯಶ್ರೀ ಮಲ್ಲಿಗೆ ಮುಡಿದು ಕೊನೆಯಲ್ಲಿ ಕೂತಿದ್ದಾಳೆ. ಅವ್ವ ನನ್ನ ಕೈಗೆ ಒಂದು ಕೋಲು ಕೊಟ್ಟು, "ಕೋಳಿ ಬಂದಾವು, ಇರುವೆ ನೋಡ್ಕೊ, ಮೋಡ ಆದ್ರೆ ಚಂದ್ರಿಕೆ ಒಳುಕ್ ಎತ್ತಿಡು" ಎಂದು ಹೇಳಿ ಹತ್ತಿಕೊಂಡಿತು.

ನಾನು ಆಟೋದ ಕಂಬಿ ಹಿಡಿದುಕೊಂಡು, ಏಳು ಜನರೆದುರು, ಮಾನ ಬಿಟ್ಟು ಕೇಳಿಯೇಬಿಟ್ಟೆ.

"ನವ್ಯಾ, ಸಿಟ್ಟು ಇನ್ನೂ ಹೋಗಿಲ್ವೇನೆ?"

"ಸಿಟ್ಟೆಲ್ಲ ಆವತ್ತೇ ಹೋಯ್ತು ಕಣ್ರೀ" ಎಂದಳು ಸೆರಗು ಒಳಗೆ ಎಳೆದುಕೊಳ್ಳುತ್ತಾ. "ನಿಮ್ ಜೊತೆ ಸಿನ್ಮಾ ನೋಡಾಕೆ ಬೇಜಾರು."