ಮಾಳಿಗೆಯ ಮೇಲೊಂದು ಚಂದ್ರನೆಲೆ

ಉಗ್ರಾಣ ನೋಡಿಕೊಳ್ಳುವವನಿಗೆ ಒಂದು ಜಂಬ ತಾನಾಗಿಯೇ ಬೆಳೆಯುತ್ತದೆ: ಲೋಕ ನಡೆಯುತ್ತಿರುವುದೇ ತನ್ನ ಮುಂದಾಲೋಚನೆಯಿಂದ ಎಂದು. ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ನಟ್ಟು, ಬೋಲ್ಟು, ಕೈಗವಸು ಕಾಯುವ ನನಗೂ ಅದು ಬೆಳೆದಿತ್ತು. ಹೀಗಾಗಿ ಗಂಗಾವತಿಯಲ್ಲಿ ಭೌತಶಾಸ್ತ್ರ ಕಲಿಸುವ ಹಳೆಯ ಗೆಳೆಯ ವೆಂಕಟೇಶ, "ಚಂದ್ರನ ಮ್ಯಾಲೆ ನಾಕು ಮಂದಿ ಇರಾಕ ಏನೇನು ಸಾಮಾನು ಕಳಿಸಬೇಕು ಅಂತ ಯೋಜನಾ ಬರಿಯೂ ಸ್ಪರ್ಧೆ ಐತಿ. ಕೂಡೇ ಬರಿಯೂಣೇನು?" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಚಂದ್ರನಿಗೆ ನನ್ನ ನೆನಪು ಇಷ್ಟು ತಡವಾಗಿ ಬಂತಲ್ಲ ಎಂದಷ್ಟೇ ಅನ್ನಿಸಿತು.

ಗಾಳಿ, ನೀರು, ಬಿಡಿಭಾಗಗಳ ಮಾತು ಸಲೀಸಾಗಿ ಮುಗಿಯಿತು. ಕೆಟ್ಟದ್ದು ಊಟದ ವಿಷಯದಲ್ಲಿ. ನಾನು ಯಲಬುರ್ಗಾ ಕಡೆಯವನು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಅಲ್ಲಿ ಬೇಯಿಸುವ ಗೋಜೂ ಇಲ್ಲ ಎಂದೆ. ಗದ್ದೆಬಯಲಿನ ವೆಂಕಟೇಶ, "ಅನ್ನ ಇಲ್ದ ಮನಷ್ಯಾ ಚಂದ್ರನ ಮ್ಯಾಲೇನು, ಗಂಗಾವತ್ಯಾಗ ಸುದ್ದಾ ಬದುಕೂದಿಲ್ಲ" ಎಂದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಾನೇ, "ನಮ್ಮ ಮಾಳಗಿ ಮ್ಯಾಲಿನ ಖೋಲ್ಯಾಗ ಒಂದಿನ ಇದ್ದು ನೋಡೂಣು. ನಾ ಕಟ್ಟಿದ ಸಾಮಾನು ಬಿಟ್ಟು ಕೆಳಗಿಂದ ಏನೂ ತರಂಗಿಲ್ಲ" ಎಂದೆ.

ಭಾನುವಾರ ಬೆಳಿಗ್ಗೆ ಮಾಳಿಗೆ ಏರಿ ಕೋಣೆ ಸೇರಿದೆವು. ರಾಕೆಟ್ಟಿಗೆ ಭಾರವಾದೀತೆಂದು ನಾನು ಸಕ್ಕರೆ, ಬೆಲ್ಲ, ಹಣ್ಣು ಎಲ್ಲವನ್ನೂ ಕೈಬಿಟ್ಟಿದ್ದೆ. ವೆಂಕಟೇಶ ಹಟಕ್ಕೆ ಬಿದ್ದು ರೊಟ್ಟಿ ಮುಟ್ಟಲಿಲ್ಲ. ಮಧ್ಯಾಹ್ನ ನನ್ನ ಹೆಂಡತಿ ಸುವರ್ಣಾ ಕೆಳಗಿನಿಂದ, "ಅನ್ನ ಸಾರು ಆಗೇತಿ, ಇಳದು ಬರ್ರಿ" ಎಂದು ಕೂಗಿದಳು. "ನಾವು ಭೂಮಿ ಮ್ಯಾಲಿಲ್ಲ" ಎಂದು ನಾನು ಉತ್ತರಿಸಿದೆ.

ತಿರುಗಿ ನೋಡಿದರೆ ವೆಂಕಟೇಶನ ಮುಖದ ತುಂಬ ಬೆವರು, ಗೋಡೆಗೆ ಒರಗಿಬಿಟ್ಟಿದ್ದ.

"ಯಾಕೋ ವೆಂಕ್ಯಾ?"

"ಮುಂಜಾನೆ ಸಕ್ರಿ ಕಾಯಿಲೆ ಗುಳಿಗಿ ತಗೊಂಡೀನಿ, ಏನೂ ತಿಂದಿಲ್ಲ, ಸಕ್ರಿ ಇಳದೈತಿ. ಬಾಯಾಗ ಏನರೆ ಸಿಹಿ ಹಾಕೋ."

ಚೀಲಗಳನ್ನೆಲ್ಲ ಬೋರಲು ಹಾಕಿದೆ. ಬಿದ್ದದ್ದು ರೊಟ್ಟಿ, ಚಟ್ನಿ. ಜೀವ ಬಾಯಿಗೆ ಬಂತು. "ಸುವರ್ಣಾ, ಸಕ್ರಿ!" ಎಂದು ಅರಚುತ್ತ ಮೆಟ್ಟಿಲಿಳಿಯುವಷ್ಟರಲ್ಲಿ ಅವಳೇ ಡಬ್ಬಿ ಹಿಡಿದು ಎದುರಾದಳು. ಸಕ್ಕರೆ ನೀರು ಕುಡಿದು ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡ ವೆಂಕಟೇಶ ಆಡಿದ ಮೊದಲ ಮಾತು: "ವೈನಿ, ಒಂದೀಟು ಅನ್ನ ಹಾಕ್ರಿ." ಸುವರ್ಣಾ ಸಕ್ಕರೆ ಡಬ್ಬಿಯನ್ನು ನನ್ನ ಖಾಲಿ ಚೀಲಕ್ಕೆ ಹಾಕಿ, ಅನ್ನ ತರಲು ಇಳಿದಳು. ಬೈದಿದ್ದರೆ ಒಳ್ಳೆಯದಿತ್ತು.

ಯೋಜನೆ ತಿದ್ದಿ ಬರೆದು ಸ್ಪರ್ಧೆಗೆಂದು ಕೊಪ್ಪಳಕ್ಕೆ ಹೋದೆವು. ತೀರ್ಪುಗಾರರು, "ರಾಕೆಟ್ ಬರೂದು ತಡ ಆದ್ರ ನಿಮ್ಮ ಸಾಮಾನು ಎಷ್ಟು ದಿನ ಸಾಲತಾವರಿ?" ಎಂದು ಕೇಳಿದರು. ನಾನು ಗಂಭೀರವಾಗಿ ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ವೆಂಕಟೇಶ ಮೈಕು ಎಳೆದುಕೊಂಡು, "ಇಂವ ಕಟ್ಟಿದ್ರ ಮಧ್ಯಾಹ್ನದ ತನಕರಿ" ಎಂದ.

ಸಭೆ ಗೊಳ್ಳೆಂದು ನಕ್ಕಿತು. ಅಲ್ಲಗಳೆಯೋಣವೆಂದರೆ, ಚಂದ್ರನಿಂದ ಜೀವಸಹಿತ ಮರಳಿದ ಏಕೈಕ ಸಾಕ್ಷಿ ಆಗಲೇ ಸಾಕ್ಷ್ಯ ಹೇಳಿ ಕೂತಿದ್ದ.