ಗ್ಯಾಂಗ್ ತಜ್ಞರು ಸಾಕ್ಷಿ ಹೇಳಿದ್ದು

ಕೋರ್ಟಿನಲ್ಲಿ ನಗಬಾರದು ಎಂಬ ಕಟ್ಟುಪಾಡು ಇರುವುದರಿಂದಲೋ ಏನೋ, ನಗು ತಡೆಯಲಾಗದ ಪ್ರಸಂಗಗಳೆಲ್ಲ ಅಲ್ಲೇ ನಡೆಯುತ್ತವೆ. ಎಂಬತ್ತರ ದಶಕದ ಆರಂಭದಲ್ಲಿ ನಾನು ಆರ್.ಟಿ. ನಗರದಿಂದ ಬಸ್ಸು ಹಿಡಿದು ಸೆಷನ್ಸ್ ಕೋರ್ಟಿಗೆ ಹೋಗಿ, ಸಾಕ್ಷಿಗಳ ಹೇಳಿಕೆ ಟೈಪ್ ಮಾಡುತ್ತಿದ್ದೆ. ತುಟಿ ಕಚ್ಚಿಕೊಂಡು ಕೂರುವುದೂ ಆ ಕೆಲಸದ ಭಾಗವಾಗಿತ್ತು.

ಒಂದೇ ಕೇಸಿನ ಮಾತು ಹೇಳುತ್ತೇನೆ. ರಾಜಾನುಕುಂಟೆ ಕಡೆಯ ಒಬ್ಬ ಟೆಂಪೋ ಡ್ರೈವರ್ ಮತ್ತು ಅವನ ನಾಲ್ವರು ಗೆಳೆಯರು ಹುಣಸೆ ತೋಪಿನಲ್ಲಿ ಮಚ್ಚು ಇಟ್ಟುಕೊಂಡು ದರೋಡೆಗೆ ಸಂಚು ಹೂಡುತ್ತಿದ್ದರು ಎಂಬುದು ಪೊಲೀಸರ ಆರೋಪ. ಹೊಸ ಟೆಂಪೋ ತಗೊಂಡ ಹರಕೆಗೆ ತೋಪಿನ ಮುನೇಶ್ವರನಿಗೆ ಕೋಳಿ ಕೊಯ್ದು, ಅಲ್ಲೇ ಅಡುಗೆ ಮಾಡುತ್ತಿದ್ದೆವು ಎಂಬುದು ಅವರ ಉತ್ತರ. ಡ್ರೈವರನ ತಂಗಿಗೆ ಚಿಕ್ಕಜಾಲದಲ್ಲಿ ಗಂಡು ಗೊತ್ತಾಗಿತ್ತು. ತೀರ್ಪು ಬರಲಿ, ಆಮೇಲೆ ಮಾತಾಡೋಣ ಎಂದು ಗಂಡಿನವರು ಕೂತಿದ್ದರು. ಅವನ ತಾಯಿ ಪ್ರತಿ ವಾಯಿದೆಗೂ ಬಂದು ವರಾಂಡದಲ್ಲಿ ಕಾಯುತ್ತಿದ್ದರು. ಅವರನ್ನು ದಾಟಿ ಒಳಗೆ ಹೋಗುವಾಗ ನನಗೆ ಸಂಕಟವಾಗುತ್ತಿತ್ತು.

೧. ಅನುಭವ

ಸರ್ಕಾರಿ ವಕೀಲರು ಒಬ್ಬ ಇನ್ಸ್‌ಪೆಕ್ಟರನ್ನು ‘ಗ್ಯಾಂಗುಗಳ ವಿಷಯದಲ್ಲಿ ತಜ್ಞರು’ ಎಂದು ಕಟಕಟೆ ಹತ್ತಿಸಿದರು. ಆರೋಪಿಗಳ ವಕೀಲರು ತಕ್ಷಣ ಎದ್ದರು. “ಕೈಬರಹಕ್ಕೆ ತಜ್ಞರಿದ್ದಾರೆ, ಬೆರಳಚ್ಚಿಗೆ ಇದ್ದಾರೆ. ಗ್ಯಾಂಗಿಗೆ ಎಲ್ಲಿದ್ದಾರೆ ಸ್ವಾಮಿ?”

“ಮೊದಲು ಕೇಳೋಣ. ಒಪ್ಪೋದೋ ಬಿಡೋದೋ ಆಮೇಲೆ ನೋಡೋಣ” ಎಂದರು ಜಡ್ಜ್ ಸಾಹೇಬರು.

ಆರೋಪಿಗಳ ವಕೀಲರು ಇನ್ಸ್‌ಪೆಕ್ಟರ್ ಕಡೆ ತಿರುಗಿದರು. “ಗ್ಯಾಂಗಿನ ಬಗ್ಗೆ ಎಲ್ಲಿ ಕಲಿತ್ರಿ?”

“ಅನುಭವ ಸರ್. ಒಂಬತ್ತು ವರ್ಷ.”

“ಯಾವ ವಿಭಾಗದಲ್ಲಿ?”

“ಟ್ರಾಫಿಕ್.”

“ಅಲ್ಲಿ ಗ್ಯಾಂಗುಗಳನ್ನ ನೋಡಿದ್ರಾ?”

“ಬೇಕಾದಷ್ಟು ಸರ್. ಆದ್ರೆ ಯಾರೂ ಗಾಡಿ ನಿಲ್ಲಿಸ್ಲಿಲ್ಲ.”

೨. ಲಕ್ಷಣಗಳು

ಮರುದಿನ ಸರ್ಕಾರಿ ವಕೀಲರು, ಗ್ಯಾಂಗನ್ನು ಗುರುತಿಸುವುದು ಹೇಗೆ ಎಂದು ಕೇಳಿದರು. ಇನ್ಸ್‌ಪೆಕ್ಟರ್ ಪಾಠ ಒಪ್ಪಿಸಿದರು:

“ಒಬ್ಬ ಲೀಡರ್ ಇರ್ತಾನೆ ಸರ್. ಅವನು ಬಂದ್ರೆ ಎಲ್ರೂ ಎದ್ದು ನಿಲ್ತಾರೆ. ಅವನು ಕೂತ ಮೇಲೇ ಉಳಿದೋರು ಕೂರೋದು. ಅವನ ಅಪ್ಪಣೆ ಇಲ್ದೆ ಯಾರೂ ಬಾಯಿ ಬಿಡೋ ಹಾಗಿಲ್ಲ. ಎಷ್ಟೋ ಕಡೆ ಎಲ್ರದ್ದೂ ಒಂದೇ ಥರ ಬಟ್ಟೆ.”

ಸಾಹೇಬರು ಎದುರಿಗಿದ್ದ ಕರಿ ಕೋಟುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: “ಇದನ್ನ ಟೈಪ್ ಮಾಡ್ಬೇಡಿ. ಮೊದಲು ನಾನೇ ಸಿಕ್ಕಿಬೀಳ್ತೀನಿ.”

೩. ಪೊಟ್ಟಣ

ಮೂರನೇ ದಿನ ತೋಪಿನಲ್ಲಿ ಸಿಕ್ಕ ಕೆಂಪು ಪುಡಿಯ ಪೊಟ್ಟಣ ಮೇಜಿಗೆ ಬಂತು. “ದರೋಡೆ ಗ್ಯಾಂಗು ಕಾರದ ಪುಡಿ ಇಲ್ದೆ ಹೊರಡೋದೇ ಇಲ್ಲ ಸರ್. ಕಣ್ಣಿಗೆ ಎರಚ್ತಾರೆ” ಎಂದರು ಇನ್ಸ್‌ಪೆಕ್ಟರ್. ಆರೋಪಿಗಳ ವಕೀಲರು ಸೀಲು ಒಡೆಸಿ, ಪೊಟ್ಟಣವನ್ನು ಅವರ ಮೂಗಿನ ಹತ್ತಿರ ಹಿಡಿದರು.

“ಇದು ಅದೇನಾ?”

ಇನ್ಸ್‌ಪೆಕ್ಟರ್ ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. “ಅಲ್ಲ ಸರ್. ಇದು ಕೋಳಿ ಸಾರಿನ ಪುಡಿ.”

ಸರ್ಕಾರಿ ವಕೀಲರು ಕುರ್ಚಿಯಲ್ಲಿ ಕುಸಿದರು.

“ಹೇಗೆ ಹೇಳ್ತೀರಿ?” ಎಂದರು ಆರೋಪಿಗಳ ವಕೀಲರು.

“ಚಕ್ಕೆ ಇದೆ, ಲವಂಗ ಇದೆ. ಧನಿಯಾ ಜಾಸ್ತಿಯಾಗಿದೆ. ಇದನ್ನ ಎರಚಿದ್ರೆ ಹಸಿವಾಗುತ್ತೆ ಅಷ್ಟೇ.”

“ಇದೂ ಟ್ರಾಫಿಕ್ಕಿನ ಅನುಭವವೋ?”

“ಅಲ್ಲ ಸರ್. ಅದಕ್ಕೂ ಮುಂಚೆ ನಾಲ್ಕು ವರ್ಷ ಪೊಲೀಸ್ ಮೆಸ್ ನೋಡ್ಕೊಂಡಿದ್ದೆ.” ಮೂರು ದಿನದಲ್ಲಿ ಮೊದಲ ಸಲ ಅವರ ದನಿಯಲ್ಲಿ ಅಧಿಕಾರವಿತ್ತು.

ತೀರ್ಪನ್ನು ಟೈಪ್ ಮಾಡಿದವನು ನಾನೇ. ಅದರಲ್ಲಿದ್ದದ್ದು ಇಷ್ಟು: ಗ್ಯಾಂಗಿನ ಬಗ್ಗೆ ಈ ಸಾಕ್ಷಿಯ ಮಾತನ್ನು ತಜ್ಞರ ಅಭಿಪ್ರಾಯವೆಂದು ಸ್ವೀಕರಿಸಲಾಗದು. ಪುಡಿಯ ಬಗ್ಗೆ ಅವರು ಹೇಳಿದ್ದನ್ನು ಅನುಮಾನಿಸಲು ಕಾರಣವಿಲ್ಲ. ಐದೂ ಜನ ಬಿಡುಗಡೆ. ವರಾಂಡದಲ್ಲಿ ಆ ತಾಯಿ ಮಗನ ಮುಖ ಸವರಿ ಅತ್ತರು. ನನಗೂ ಕಣ್ಣು ತುಂಬಿತು.

ಡ್ರೈವರ್ ಸೀದಾ ಇನ್ಸ್‌ಪೆಕ್ಟರ್ ಹತ್ತಿರ ಹೋದ. “ಸ್ವಾಮಿ, ಇನ್ನೇನು ತಂಗಿ ಮದ್ವೆ ಆಯ್ತದೆ. ಮಾರ್ನೆ ದಿನ ಬೀಗರೂಟ, ಕೋಳಿ ಸಾರೇ. ನೀವು ಬರ್ಲೇಬೇಕು.”

ಇನ್ಸ್‌ಪೆಕ್ಟರ್ ಆಚೀಚೆ ನೋಡಿದರು. ಮೇಲಧಿಕಾರಿಗಳು ಯಾರೂ ಇರಲಿಲ್ಲ.

“ಬರ್ತೀನಿ ಕಣಯ್ಯ” ಎಂದರು. “ನಾನು ಬರೋವರೆಗೂ ಮಸಾಲೆ ಮಾತ್ರ ಅರೀಬೇಡಿ.”